ಮನ್ಯಾಗ ಕುಂತ ಹೊಲದ್ರೇನ್ರೀ?

ಮಾತು ಕೇಳಿದ್ದು ಮಂಗಳವಾರ, ಇವತ್ತು ಶನಿವಾರ. ಹಾಲು ಉಕ್ಕುವುದನ್ನು ಕಾಯುತ್ತ ನಿಂತಾಗ, ಬಟ್ಟೆ ಹಿಂಡುವಾಗ, ಮತ್ತೆ ಅದೇ. ಇಲ್ಲೇ ಧಾರವಾಡದಲ್ಲಿ ರಸ್ತೆ ಬದಿಯ ಗಿಡದ ನೆರಳಿಗೆ ಕೂತು ಚಪ್ಪಲಿ ಹೊಲಿಯುವ ಕಾಕಾ, ನನ್ನ ಕೈಕೆಲಸವನ್ನು ಹೊರಳಿಸಿ ಹೊರಳಿಸಿ ನೋಡಿ ಕೇಳಿದ್ದು:

“ಮನ್ಯಾಗ ಕುಂತ ಹೊಲದ್ರೇನ್ರೀ ಅಕ್ಕಾರ? ಯಾರೂ ಏನೂ ಅನ್ನಲಿಲ್ಲ?”

“ಇಲ್ಲಲಾ, ಏನಂತಾರ?” ಅಂದೆ. ಹಸೀ ಸುಳ್ಳು.

ಹೊಲಿದದ್ದು ನನ್ನ ಕಸಿ ಚಾಕುವಿಗೊಂದು ತೊಗಲಿನ ಒರೆ. ಕತ್ತಿಗಿದ್ದಂತೆ ದೊಡ್ಡದಲ್ಲ, ಕುರ್ತಾದ ಜೇಬಿನೊಳಗೆ ಕೂರುವಷ್ಟೇ. ಮಳೆ ಹಿಡಿದ ಮೇಲೆ ನನ್ನ ಸಂಜೆಗಳೆಲ್ಲ ಹಿತ್ತಲಲ್ಲೇ. ಮಾವಿನ ವಾಟೆ ಮೊಳೆತು ತಾಮ್ರದ ಬಣ್ಣದ ಎಲೆ ಬಿಟ್ಟ ಎಳೆ ಸಸಿಗೆ ಹಳೆಯ ಆಪೂಸಿನ ಕಡ್ಡಿ ಕಟ್ಟುವ ಕೆಲಸ. ಕಡ್ಡಿಯ ಬುಡವನ್ನು ಬೆಣೆಯ ಹಾಗೆ ಒಂದೇ ಎಳೆತಕ್ಕೆ ಕೊಯ್ಯಬೇಕು. ಎರಡನೇ ಸಲ ಚಾಕು ಆಡಿಸಿದರೆ ಮೈ ಏರುಪೇರಾಗಿ ಸಸಿಯ ಸೀಳಿಗೆ ಸರಿಯಾಗಿ ಕೂರುವುದಿಲ್ಲ, ನಡುವೆ ಗಾಳಿ ಉಳಿದು ಕಡ್ಡಿ ಒಣಗುತ್ತದೆ. ಹಾಗಾಗಿ ಅಲಗು ಮುಂಗೈ ಮೇಲಿನ ಕೂದಲು ಬೋಳಿಸುವಷ್ಟು ಹರಿತವಾಗಿರಬೇಕು. ಅಂಥ ಚಾಕುವಿನ ಸ್ಪ್ರಿಂಗು ಸಡಿಲಾಗಿ, ಜೇಬಿನೊಳಗೇ ಅರ್ಧ ಬಾಯಿ ತೆರೆದು ಕೂತಿತ್ತು. ಕರ್ಚೀಪಿಗೆಂದು ಕೈ ಹಾಕಿದೆ. ಹೆಬ್ಬೆರಳಿನ ಗಾಯ ಇನ್ನೂ ಮಾಯುತ್ತಿದೆ.

ಆನ್‌ಲೈನಲ್ಲಿ 1,200 ರೂಪಾಯಿ ಕೊಟ್ಟು ತೊಗಲು ಹೊಲಿಯುವ ಕಿಟ್ ತರಿಸಿದೆ. ತೊಗಲು ಮಾತ್ರ ಅಥಣಿಯ ಗೆಳತಿ ಕೊಟ್ಟದ್ದು: ಕೊಲ್ಹಾಪುರಿ ಚಪ್ಪಲಿಗೆ ಕತ್ತರಿಸಿ ಉಳಿದ ಎಮ್ಮೆ ತೊಗಲಿನ ತುಂಡು, ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ್ದು. ಈ ತೊಗಲಿನ ಗುಣವೇ ಬೇರೆ. ನೀರಲ್ಲಿ ನೆನೆಸಿದರೆ ಚಪಾತಿ ಹಿಟ್ಟಿನ ಹಾಗೆ ಹೇಳಿದ ಮಾತು ಕೇಳುತ್ತದೆ, ಒಣಗಿದ ಮೇಲೆ ಕೊಟ್ಟ ಆಕಾರ ಬಿಡುವುದಿಲ್ಲ. ಕ್ರೋಮ್ ರಾಸಾಯನಿಕದಲ್ಲಿ ಹದ ಮಾಡಿದ ಮೆತ್ತನೆಯ ಬ್ಯಾಗಿನ ತೊಗಲಿಗೆ ಇದು ಸಾಧ್ಯವಿಲ್ಲ. ನೀರು ತಾಗದಂತೆ ಚಾಕುವಿಗೆ ಹಾಲಿನ ಪ್ಯಾಕೆಟ್ ಸುತ್ತಿ, ಒದ್ದೆ ತೊಗಲನ್ನು ಅದರ ಮೇಲೆ ಮಡಚಿ, ಚಮಚೆಯ ಬೆನ್ನಿನಿಂದ ಅಂಚಿನುದ್ದಕ್ಕೂ ಒತ್ತಿದೆ. ಹೊಲಿಗೆ ಸಮ ಬರಲೆಂದು ಫೋರ್ಕಿನ ಹಲ್ಲು ಊರಿ ಗುರುತು ಮಾಡಿಕೊಂಡೆ. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ, ಒಂದೇ ತೂತಿನಲ್ಲಿ ಆಚೆಯಿಂದೊಂದು ಈಚೆಯಿಂದೊಂದು. ಹೀಗೆ ಹೊಲಿದರೆ ನಡುವೆ ಒಂದು ಕಡೆ ದಾರ ಹರಿದರೂ ಉಳಿದದ್ದು ಬಿಚ್ಚಿಕೊಳ್ಳುವುದಿಲ್ಲ, ಮಷಿನ್ ಹೊಲಿಗೆಯ ಹಾಗಲ್ಲ.

ಇಷ್ಟೆಲ್ಲ ನಡೆದದ್ದು ಊಟದ ಟೇಬಲ್ಲಿನ ಮೇಲೆ. ಅಲ್ಲೇ ಎಡವಟ್ಟಾದದ್ದು.

“ಅದನ್ನ ಮೊದಲ ಅಲ್ಲಿಂದ ತಗಿ. ಉಣ್ಣೋ ಜಾಗಾ ಅದು,” ಅಂದರು ಅತ್ತೆ. ಕೂಗಾಡಲಿಲ್ಲ. ಅವರು ಕೂಗಾಡುವವರೇ ಅಲ್ಲ, ಅದೇ ಕಷ್ಟ. ಕೆಟ್ಟವರಂತೂ ಅಲ್ಲ; ನನ್ನ ಬೆರಳಿಗೆ ಅರಿಶಿನ ಒತ್ತಿ ಬಟ್ಟೆ ಕಟ್ಟಿದವರೂ ಅವರೇ. ಆದರೆ ಅವರ ಪರ್ಸೂ ತೊಗಲಿನದೇ, ಅದರೊಳಗೆ ರಾಯರ ಫೋಟೊ ಇದೆ. ಅಂಗಡಿಯಿಂದ ಬಿಲ್ ಸಮೇತ ಬಂದರೆ ಅದು ಪರ್ಸು, ಟೇಬಲ್ ಮೇಲೆ ಒದ್ದೆಯಾಗಿ ಬಿದ್ದಿದ್ದರೆ ತೊಗಲು. ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತದೆ “ಹಿತ್ತಲಾಗ ಮಾಡ್ಕೋಬಾರ್ದೇನ?” ಅಂದರು. 2025ರ ಜೂನಿನಲ್ಲಿ ಪ್ರಾಡಾ ಕಂಪನಿ ಮಿಲಾನಿನ ಶೋನಲ್ಲಿ ಕೊಲ್ಹಾಪುರಿಯಂಥದೇ ಚಪ್ಪಲಿ ತೋರಿಸಿ ನಮ್ಮವರ ಹೆಸರೆತ್ತಲಿಲ್ಲ ಅಂತ ಗದ್ದಲ ಎದ್ದಾಗ ವಾರಗಟ್ಟಲೆ ಸಿಟ್ಟಾಗಿದ್ದವರು ಇವರೇ. 2019ರಲ್ಲೇ ಅದಕ್ಕೆ ಜಿಐ, ಅಂದರೆ ಇದು ಇಂಥ ಸೀಮೆಯದೇ ಅನ್ನುವ ಸರಕಾರಿ ಗುರುತು, ಸಿಕ್ಕಿದೆ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇದೆ ಅಂತ ಕಂಡಕಂಡವರಿಗೆ ಪಾಠ ಮಾಡಿದ್ದರು.

ನಾನೂ ಹಿತ್ತಲಿಗೇನೂ ಹೋಗಲಿಲ್ಲ. ಟೇಬಲ್ಲಿಗೆ ಹಳೇ ಪೇಪರ್ ಹಾಸಿ, ಎಲ್ಲರೂ ಮಲಗಿದ ಮೇಲೆ ಹೊಲಿದು ಮುಗಿಸಿದೆ. ಒಣಗಿದಾಗ ತೊಗಲು ಬಿಗಿದುಕೊಂಡಿತ್ತು. ಚಾಕು ಒಳಗೆ ಹೋಯಿತು, ಹೊರಗೆ ಬರಲೊಲ್ಲದು.

ಕಾಕಾನ ಹತ್ತಿರ ಹೋದದ್ದು ಅದಕ್ಕೇ. ಅವರು ಒರೆ ತಲೆಕೆಳಗು ಮಾಡಿ ಜಾಡಿಸಿದರು, ತೊಡೆಗೆ ಬಡಿದರು. ಚಾಕು ಅಲ್ಲಾಡಲಿಲ್ಲ. ನಕ್ಕರು.

“ಚಾಕೂಂದ ಅಳತಿ ತೊಗೊಂಡೀರಿ. ಬೆರಳಿಂದ ಯಾರ ತೊಗೋಬೇಕ್ರಿ?”

ಕಿಟ್ಟಿನ ಜೊತೆ ಬಂದ ಹಾಳೆಯಲ್ಲಿ ಇದು ಇರಲಿಲ್ಲ. ಗೋಣಿಚೀಲದ ಅಡಿಯಿಂದ ತೊಗಲು ಕೊಯ್ಯುವ ರಂಪಿಗೆ ತೆಗೆದು, ಕಲ್ಲಿನ ಮೇಲೆ ಎರಡು ಸಲ ಎಳೆದು, ಒರೆಯ ಬಾಯಿಯ ಒಂದು ಬದಿಗೆ ಊರಿ ಮಣಿಕಟ್ಟು ತಿರುಗಿಸಿದರು. ಉಗುರು ಕತ್ತರಿಸಿದ ಹಾಗೆ ಅರ್ಧಚಂದ್ರದಷ್ಟು ತೊಗಲು ಕಳಚಿ ಬಿತ್ತು. ಆ ಸಂದಿನಲ್ಲಿ ಚಾಕುವಿನ ಹಿಡಿ ಹೆಬ್ಬೆರಳಿಗೆ ಸಿಕ್ಕಿತು, ಒತ್ತಿ ಮೇಲಕ್ಕೆ ಸರಿಸಿದರೆ ಬಂದೇಬಿಟ್ಟಿತು. ಬಿದ್ದ ಚೂರನ್ನು ಎತ್ತಿ ಡಬ್ಬಿಗೆ ಹಾಕಿಕೊಂಡರು. ನಾನಾಗಿದ್ದರೆ ಗುಡಿಸಿ ಎಸೆಯುತ್ತಿದ್ದೆ.

“ಹೊಲಿಗಿ ಮಾತ್ರ ಬರೋಬ್ಬರಿ ಐತಿ,” ಅಂದರು. ಹಿಗ್ಗಿಹೋದೆ. ಆಮೇಲೆ ಆ ಪ್ರಶ್ನೆ, ಆಮೇಲೆ ನನ್ನ ಸುಳ್ಳು. ಅವರು ಒರೆಯ ಬಾಯಿಯ ಅಂಚಿಗೆ ಮೇಣ ತಿಕ್ಕುತ್ತ, ನನ್ನ ಮುಖ ನೋಡದೆ ಅಂದರು: “ಚಲೋ ಆತು ಬಿಡ್ರಿ. ನಮ್ಮ ಹುಡುಗ ಈ ಚೀಲಾ ಒಳಗ ತರಾಕ ಬಿಡಂಗಿಲ್ಲ. ಹೊಸಾ ಮನಿ ಕಟ್ಟ್ಯಾನ. ಹೊರಗ ಇಡು ಅಂತಾನ.”

ಕೂಲಿ 20 ರೂಪಾಯಿ. ನೂರರ ನೋಟು ಕೊಟ್ಟು ಇರಲಿ ಅಂದರೂ ಲೆಕ್ಕ ಹಾಕಿ ಎಂಬತ್ತು ವಾಪಸ್ ಕೊಟ್ಟರು.

ಆಗಲೇ “ನಮ್ಮ ಮನ್ಯಾಗೂ ಹಂಗ ಐತಿ ಕಾಕಾ” ಅಂದುಬಿಡಬೇಕಿತ್ತು. ಈ ನಾಲ್ಕು ದಿನದಲ್ಲಿ ಅದನ್ನು ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿ ನೋಡಿದ್ದೇನೆ. ಒಮ್ಮೆ ಹೇಳಿದಾಗ ಅವರು ನಗುತ್ತಾರೆ. ಇನ್ನೊಮ್ಮೆ ಹೇಳಿದಾಗ ನನಗೇ ನಾಚಿಕೆಯಾಗುತ್ತದೆ, ಯಾಕೆಂದರೆ ಎರಡೂ ಒಂದೇ ಅಲ್ಲ. ನನ್ನದು ಪುರುಸೊತ್ತಿನ ಹವ್ಯಾಸ; ನಾಳೆ ಬೇಸರ ಬಂದರೆ ಕಿಟ್ ಅಟ್ಟ ಸೇರುತ್ತದೆ, ನನ್ನನ್ನು ಯಾರೂ ಅದರ ಹೆಸರಿನಿಂದ ಕರೆಯುವುದಿಲ್ಲ. ತೂತು ಹಾಕುವ ಆರಿ, ರಂಪಿಗೆ ಇರುವ ಅವರ ಚೀಲವನ್ನು ಮೊದಲು ಊರು ಹೊರಗಿಟ್ಟಿತು, ಈಗ ಅದೇ ದುಡ್ಡಿನಲ್ಲಿ ಓದಿದ ಮಗ ಹೊರಗಿಡುತ್ತಿದ್ದಾನೆ. ಆ ಹುಡುಗನನ್ನು ಬೈಯಲೂ ಮನಸ್ಸು ಬರುವುದಿಲ್ಲ. ಅವನ ಮನೆಗೆ ಬಂದು ಹೋಗುವವರು, ಆ ಚೀಲ ಕಂಡರೆ ಮೂಗು ಮುರಿಯುವವರು, ನಮ್ಮಂಥವರೇ ತಾನೆ?

ತೊಗಲಿನ ಒರೆಯಲ್ಲಿ ಚಾಕುವನ್ನು ರಾತ್ರಿಯಿಡೀ ಬಿಡಬಾರದು. ಮಳೆಗಾಲದ ತೇವ ಹೀರಿಕೊಂಡಿರುತ್ತದೆ, ಕಾರ್ಬನ್ ಉಕ್ಕಿನ ಅಲಗಿಗೆ ಬೇಗ ತುಕ್ಕು. ಹಾಗಾಗಿ ನಿನ್ನೆ ಮಲಗುವಾಗ ಚಾಕು ತೆಗೆದು, ಎಣ್ಣೆ ಸವರಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಒರೆಯನ್ನು ಆರಲೆಂದು ಪಕ್ಕದಲ್ಲೇ ಕಿಟಕಿಗಿಟ್ಟಿದ್ದೆ.

ಬೆಳಗ್ಗೆ ಎದ್ದು ನೋಡಿದರೆ ಚಾಕು ಇಟ್ಟಲ್ಲೇ ಇತ್ತು. ಒರೆ ಕಾಣಲಿಲ್ಲ. ಬಾಗಿಲಾಚೆ ಚಪ್ಪಲಿ ಸ್ಟ್ಯಾಂಡಿನ ಮೇಲೆ, ಯಜಮಾನರ ಕೊಲ್ಹಾಪುರಿ ಜೋಡಿನ ಪಕ್ಕ ಸಿಕ್ಕಿತು. ದೇವರ ಮನೆಯಿಂದ ಅತ್ತೆಯ ಗಂಟೆಯ ಸದ್ದು ಬರುತ್ತಿತ್ತು. ಒರೆ ಎತ್ತಿಕೊಂಡು, ಚಾಕು ಸೇರಿಸಿ ಜೇಬಿಗೆ ಹಾಕಿಕೊಂಡೆ. ಮಳೆ ಬಿಡುವು ಕೊಟ್ಟಿತ್ತು. ಹಿತ್ತಲಿಗೆ ಹೋಗಿ ಎರಡು ಸಸಿ ಕಟ್ಟಿದೆ.