ಪೊರೆ ಆಪರೇಷನ್ ಬಿಟ್ಟು ರೆಪ್ಪೆ ಹಿಡ್ಕೊಂಡು ಕೂತರೆ ಹೊಟ್ಟೆ ತುಂಬುತ್ತಾ?

ಆಕ್ಯುಲೋಪ್ಲಾಸ್ಟಿ, ಅಂದರೆ ರೆಪ್ಪೆ, ಕಣ್ಣೀರ ನಾಳ, ಕಣ್ಣುಗೂಡಿನ ಸರ್ಜರಿಯ ಫೆಲೋಶಿಪ್ ಅಂದ ಕೂಡಲೇ ಪಿಜಿ ಹುಡುಗರು ಕೇಳುವುದೂ, ಅವರ ಅಪ್ಪ ಅಮ್ಮ ಕೇಳುವುದೂ, ಹೆಣ್ಣು ಕೊಡಲು ಬಂದ ಮಾವ ಕೇಳುವುದೂ ಇದನ್ನೇ. ತುಂಬುತ್ತೆ. ಸಾಕಾ?

ಸಾಲದು ಅಂತ ಗೊತ್ತು. ಎಂಬಿಬಿಎಸ್ ಐದೂವರೆ ವರ್ಷ, ಎಂಎಸ್ 3 ವರ್ಷ, ಆಮೇಲೆ ಹೈದರಾಬಾದಿನ ಎಲ್.ವಿ. ಪ್ರಸಾದ್, ಮದುರೆಯ ಅರವಿಂದ್ ಅಥವಾ ಅಂಥ ಇನ್ನೊಂದು ಕಣ್ಣಾಸ್ಪತ್ರೆಯಲ್ಲಿ ಒಂದೆರಡು ವರ್ಷ ಫೆಲೋಶಿಪ್. ಹೊರಗೆ ಬಂದವರು ಅಂಥದೇ ಸಂಸ್ಥೆಯಲ್ಲಿ ಕಲಿಸುತ್ತಾರೆ, ಇಲ್ಲವೇ ಕಾರ್ಪೊರೇಟ್ ಕಣ್ಣಾಸ್ಪತ್ರೆಗೆ ಸಂಬಳಕ್ಕೆ ಸೇರುತ್ತಾರೆ. ಅಲ್ಲಿ ವಾರಕ್ಕೆ ಒಂದೆರಡು ದಿನ ರೆಪ್ಪೆ, ಉಳಿದ ದಿನ ಪೊರೆ ಮತ್ತು ಜನರಲ್ ಓಪಿಡಿ. ಕೆಲವರು ಊರೂರಿಗೆ ವಿಸಿಟಿಂಗ್ ಹೋಗುತ್ತಾರೆ. ಕೆಲವರು ಕಾಸ್ಮೆಟಿಕ್ ಕ್ಲಿನಿಕ್ ತೆರೆಯುತ್ತಾರೆ. ‘ಕಣ್ಣಿನ ಡಾಕ್ಟರಿಗೆ ಬೋಟಾಕ್ಸ್ ಯಾಕ್ರೀ’ ಎಂದು ಮೂಗು ಮುರಿಯುವವರಿಗೆ: ಅದನ್ನು ಔಷಧಿಯಾಗಿಸಿದ್ದೇ ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ಡಾಕ್ಟರು, ಆಲನ್ ಸ್ಕಾಟ್. ಅಮೆರಿಕದಲ್ಲಿ 1989ರಲ್ಲಿ ಮೊದಲು ಅನುಮತಿ ಸಿಕ್ಕಿದ್ದು ಮೆಳ್ಳೆಗಣ್ಣಿಗೆ, ರೆಪ್ಪೆ ಬಿಗಿದುಕೊಳ್ಳುವ ಕಾಯಿಲೆಗೆ. ಹುಬ್ಬಿನ ನಡುವಿನ ಸುಕ್ಕಿನ ಸರದಿ ಬಂದದ್ದು 2002ಕ್ಕೆ.

ಸ್ವಂತ ಪ್ರಾಕ್ಟೀಸ್ ಮಾಡುವವರಿಗೆ ಒಂದು ಪೇಚಿದೆ. ನಮಗೆ ಪೇಶೆಂಟ್ ಕಳಿಸುವವರು ಅದೇ ಊರಿನ ಬೇರೆ ಕಣ್ಣಿನ ಡಾಕ್ಟರುಗಳು. ನೀವೂ ಪೊರೆ ಆಪರೇಷನ್ ಶುರು ಮಾಡಿದಿರೋ, ಕಳಿಸಿದ ಅಜ್ಜಿ ವಾಪಸ್ ಬರುವುದಿಲ್ಲ ಅನ್ನುವ ಅನುಮಾನ ಅವರಿಗೆ. ರೆಫರ್ ಮಾಡುವುದು ನಿಲ್ಲುತ್ತದೆ. ಪೊರೆ ಮಾಡದಿದ್ದರೆ ಮೊದಲ ಕೆಲವು ವರ್ಷ ಬಾಡಿಗೆ ಕಟ್ಟುವುದೇ ಕಷ್ಟ. ಇದಕ್ಕೆ ಯಾವ ಫೆಲೋಶಿಪ್ಪೂ ಉತ್ತರ ಕಲಿಸುವುದಿಲ್ಲ.

ಆದರೆ ಸಂಪಾದನೆಗಿಂತ ಮೊದಲು ಕೇಳಬೇಕಾದ್ದು ಬೇರೆ: ಆ ಊರಲ್ಲಿ ನಿಮ್ಮ ಜೊತೆ ಯಾರಿದ್ದಾರೆ? ಪೊರೆ ಸರ್ಜನ್ನಿಗೆ ಮೈಕ್ರೋಸ್ಕೋಪು, ಪೊರೆ ಪುಡಿಮಾಡಿ ತೆಗೆಯುವ ಫೇಕೋ ಮಷೀನು, ಪಳಗಿದ ಸಿಸ್ಟರ್ ಇದ್ದರೆ ಹೆಚ್ಚುಕಡಿಮೆ ಕೆಲಸ ಸಾಗುತ್ತದೆ. ನಮ್ಮದು ಹಾಗಲ್ಲ. ಹುಟ್ಟಿನಿಂದ ರೆಪ್ಪೆ ಜೋತುಬಿದ್ದ ಮಗುವಿಗೆ ಅದನ್ನು ಎತ್ತಿ ಹಿಡಿಯುವ ಸ್ಲಿಂಗ್ ಹಾಕಲು ಮಕ್ಕಳಿಗೆ ಅರಿವಳಿಕೆ ಕೊಟ್ಟು ರೂಢಿಯಿರುವ ಅನಸ್ತೇಶಿಯಾ ಡಾಕ್ಟರು ಬೇಕು. ಮೂಗಿನೊಳಗಿಂದ ಡಿಸಿಆರ್ (ಕಟ್ಟಿಕೊಂಡ ಕಣ್ಣೀರ ನಾಳಕ್ಕೆ ಮೂಗಿನೊಳಕ್ಕೆ ಹೊಸ ದಾರಿ) ಮಾಡಲು ಎಂಡೋಸ್ಕೋಪ್ ಬೇಕು, ಬಹಳ ಕಡೆ ಅದು ಇಎನ್‌ಟಿಯವರದು. ಕಣ್ಣು ತೆಗೆದು 20 ಮಿ.ಮೀ. ಆಸುಪಾಸಿನ ಇಂಪ್ಲಾಂಟ್ ಇಟ್ಟಿರಿ ಅನ್ನಿ, 6ರಿಂದ 8 ವಾರಕ್ಕೆ ಕೃತಕ ಕಣ್ಣು ಕೂರಿಸುವವರು ಊರಲ್ಲಿಲ್ಲದಿದ್ದರೆ ಅರ್ಧ ಕೆಲಸ ಹಾಗೇ ಉಳಿಯಿತು. ಮತ್ತೆ ಪೆಥಾಲಜಿ. ವಯಸ್ಸಾದವರ ರೆಪ್ಪೆಯಲ್ಲಿ ಒಂದೇ ಜಾಗದಲ್ಲಿ ಪದೇ ಪದೇ ಏಳುವ ಗಂಟು ಕೆಲವೊಮ್ಮೆ ಸೆಬೇಶಿಯಸ್ ಕಾರ್ಸಿನೋಮಾ, ಅಂದರೆ ಎಣ್ಣೆಗ್ರಂಥಿಯ ಕ್ಯಾನ್ಸರ್. ಕೆರೆದು ತೆಗೆದದ್ದನ್ನು ಲ್ಯಾಬಿಗೆ ಕಳಿಸದೆ ಕಸಕ್ಕೆ ಹಾಕಿದರೆ ಅದು ಕೈತಪ್ಪುತ್ತದೆ.

ವಿಸಿಟಿಂಗ್ ಹೋಗುವವರಿಗಂತೂ ಇದು ಇನ್ನೂ ಬಿಗಿ. ಮಧ್ಯಾಹ್ನ ರೆಪ್ಪೆ ಸರ್ಜರಿ ಮುಗಿಸಿ ಹೊರಟಿರಿ. ರಾತ್ರಿ ಪೇಶೆಂಟಿಗೆ ವಿಪರೀತ ನೋವು, ಕಣ್ಣು ಮುಂದಕ್ಕೆ ಬಂದು ಕಲ್ಲಿನಂತೆ ಗಟ್ಟಿ, ದೃಷ್ಟಿ ಮಸುಕು. ಕಣ್ಣಿನ ಹಿಂದೆ ರಕ್ತ ತುಂಬಿದೆ. ಒಂದೂವರೆ ಎರಡು ಗಂಟೆ ದಾಟಿದರೆ ದೃಷ್ಟಿ ಮರಳದೇ ಹೋಗಬಹುದು. ಸಿಟಿ ಸ್ಕ್ಯಾನಿಗೆ ಕಾಯುವ ಹೊತ್ತಲ್ಲ. ಮೊದಲು ಹೊಲಿಗೆ ಬಿಚ್ಚಬೇಕು. ಒತ್ತಡ ಇಳಿಯದಿದ್ದರೆ ಕಣ್ಣಿನ ಹೊರಮೂಲೆಯನ್ನು ಮೂಳೆಯ ಅಂಚಿನ ಕಡೆಗೆ ಸುಮಾರು 1 ಸೆಂ.ಮೀ. ಕತ್ತರಿಸಿ, ಆಮೇಲೆ ಕೆಳರೆಪ್ಪೆಯನ್ನು ಹಿಡಿದಿರುವ ಟೆಂಡನ್ ಕಡಿಯಬೇಕು. ಚರ್ಮ ಕತ್ತರಿಸಿ ಅಲ್ಲಿಗೇ ನಿಲ್ಲಿಸುವವರಿದ್ದಾರೆ. ಟೆಂಡನ್ ಕಡಿದು ರೆಪ್ಪೆ ಸಡಿಲವಾಗಿ ಕೈಗೆ ಬರುವವರೆಗೆ ಒತ್ತಡ ಸರಿಯಾಗಿ ಇಳಿಯದು. ಆ ಆಸ್ಪತ್ರೆಯ ನೈಟ್ ಡ್ಯೂಟಿ ಡಾಕ್ಟರಿಗೆ ಇದು ಬರುತ್ತದೋ ಇಲ್ಲವೋ ಮೊದಲ ಭೇಟಿಯಲ್ಲೇ ವಿಚಾರಿಸಿ. ಬರದಿದ್ದರೆ ಕಲಿಸಿ. ಕಲಿಯಲು ಅವರಿಗೆ ಪುರುಸೊತ್ತಿಲ್ಲ ಅಂದರೆ ಆ ಊರಿನ ಆಪರೇಷನ್ ಲಿಸ್ಟಿಗೆ ಒಪ್ಪಿಕೊಳ್ಳಬೇಡಿ, ಎಷ್ಟೇ ಕೊಡುತ್ತೇನೆ ಅಂದರೂ.