ಅಕ್ಕನ ಪ್ರಶ್ನೆ, ಅಳಿಯನ ಪ್ರಶ್ನೆ

ಅಕ್ಕ ನನ್ನನ್ನು ಒಳಗೆ ಕರೆದು ದನಿ ತಗ್ಗಿಸಿದಳು. "ಗುಂಡಿನೆದುರು ನಿಲ್ಲಬೇಕಾಗಿಲ್ಲದ ಕೆಲಸ ಯಾವುದೆಂದು ನಿನಗೆ ಗೊತ್ತಿರುತ್ತದೆ. ಸೇನೆಗೆ ಸೇರುವ ಅರ್ಜಿಯಲ್ಲಿ ಅದನ್ನೇ ಬರೆಯುವಂತೆ ನನ್ನ ಮಗನಿಗೆ ಹೇಳು. ನಾನು ಹೇಳಿದೆ ಎನ್ನಬೇಡ." ಹೊರಗೆ ಬಂದು ಕುಳಿತು ಐದು ನಿಮಿಷವಾಗಿರಲಿಲ್ಲ, ಅವಳ ಮಗ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಮಾವ, ನಿಜವಾದ ಕಾಳಗ ನೋಡಬೇಕಾದರೆ ಯಾವ ಟ್ರೇಡ್ ಕೇಳಬೇಕು? ಅಮ್ಮನಿಗೆ ಮಾತ್ರ ಹೇಳಬೇಡಿ."

ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಪಟ್ಟಿ. ಮಗ ಅದನ್ನು ಮೇಲಿನಿಂದ ಓದುತ್ತಾನೆ, ತಾಯಿ ಕೆಳಗಿನಿಂದ.

ಸೇನೆಯಲ್ಲಿ 17 ವರ್ಷ ಉಗ್ರಾಣ ನೋಡಿಕೊಂಡವನಿಗೆ ಪಟ್ಟಿ ಬರೆಯುವುದು ಉಸಿರಾಡಿದಷ್ಟು ಸಲೀಸು. ಹಾಳೆ ತೆಗೆದು ಮೊದಲ ಸಾಲಿನಲ್ಲಿ ಪದಾತಿದಳ ಎಂದು ಬರೆದೆ. ಇದರಲ್ಲಿ ಯಾರದೂ ತಕರಾರಿರಲಾರದು. ಎರಡನೆಯ ಮಹಾಯುದ್ಧದಲ್ಲಿ ಸಾಗರದಾಚೆಗೆ ಹೋದ ಅಮೆರಿಕದ ಸೈನ್ಯದಲ್ಲಿ ಪದಾತಿಗಳು ಸುಮಾರು ಶೇ. 14ರಷ್ಟಿದ್ದರು; ಸತ್ತವರು, ಗಾಯಗೊಂಡವರಲ್ಲಿ ಅವರ ಪಾಲು ಸುಮಾರು ಶೇ. 70. ಯಂತ್ರಗಳು ಎಷ್ಟು ಬದಲಾದರೂ ನೆಲವನ್ನು ಹಿಡಿದು ನಿಲ್ಲುವವನು ಬದಲಾಗಿಲ್ಲ.

ಎರಡನೆಯ ಸಾಲಿನಲ್ಲಿ ಇಂಜಿನಿಯರ್ ದಳ ಎಂದು ಬರೆದಾಗ ಅಳಿಯನ ಹುಬ್ಬು ಮೇಲೇರಿತು. ಇಂಜಿನಿಯರ್ ಎಂದರೆ ಅವನ ಕಣ್ಣಿಗೆ ಹೆಲ್ಮೆಟ್ಟು, ನಕ್ಷೆ ಹಿಡಿದವರು. ನೆಲಬಾಂಬು ಹುದುಗಿಸಿದ ಬಯಲಿನಲ್ಲಿ ಪದಾತಿ ಕಾಲಿಡುವ ಮೊದಲು ಮಂಡಿಯೂರಿ ಮಣ್ಣು ಕೆದಕುತ್ತಾ ದಾರಿ ಮಾಡಿಕೊಡುವವರು ಇವರೇ ಎಂದೆ. ಟ್ಯಾಂಕ್ ದಳದ ಬಗ್ಗೆ ಹೆಚ್ಚು ಹೇಳಬೇಕಾಗಲಿಲ್ಲ, ಅದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಫಿರಂಗಿ ದಳದವರು ಹಲವು ಕಿಲೋಮೀಟರ್ ಹಿಂದೆ ಇರುತ್ತಾರೆ, ನಿಜ. ಆದರೆ ಹಾರಿ ಬಂದ ಗುಂಡಿನ ಜಾಡು ಹಿಡಿದು ಅದು ಹೊರಟ ಜಾಗವನ್ನು ಎದುರಾಳಿಯ ರೇಡಾರ್ ಲೆಕ್ಕಹಾಕುತ್ತದೆ. ಆದ್ದರಿಂದಲೇ ಗುಂಡು ಹಾರಿಸಿದ ಕೂಡಲೇ ಜಾಗ ಬದಲಿಸಬೇಕು. ಅದೇ ದಳದಲ್ಲಿ ಇನ್ನೊಬ್ಬನಿರುತ್ತಾನೆ, ಗುಂಡು ಎಲ್ಲಿ ಬಿತ್ತೆಂದು ನೋಡಿ ರೇಡಿಯೊದಲ್ಲಿ ಹೇಳುವವನು. ಅವನ ವಾಸ ಪದಾತಿಗಳ ಜೊತೆಯಲ್ಲೇ. ಶುಶ್ರೂಷಕನದೂ ಹಾಗೆಯೇ, ಎಲ್ಲರೂ ನೆಲಕ್ಕೆ ಅಂಟಿಕೊಂಡಿರುವಾಗ ಕೂಗು ಕೇಳಿದ ಕಡೆಗೆ ಎದ್ದು ಓಡುವುದು ಅವನ ಕೆಲಸ. 1945ರಲ್ಲಿ ಜಪಾನಿನ ಓಕಿನಾವ ದ್ವೀಪದಲ್ಲಿ ಡೆಸ್ಮಂಡ್ ಡಾಸ್ ಎಂಬ ಅಮೆರಿಕದ ಶುಶ್ರೂಷಕ ಆಯುಧವನ್ನೇ ಮುಟ್ಟದೆ ಗಾಯಾಳುಗಳನ್ನು ಕಡಿದಾದ ಬಂಡೆಯಿಂದ ಹಗ್ಗ ಕಟ್ಟಿ ಇಳಿಸಿ, ತನ್ನ ದೇಶದ ಅತ್ಯುನ್ನತ ಶೌರ್ಯ ಪದಕ ಪಡೆದ.

"ಹಾಗಾದರೆ ವಾಯುಪಡೆ ಸುರಕ್ಷಿತ" ಎಂದ ಅಳಿಯ, ಸ್ವಲ್ಪ ತಾತ್ಸಾರದಿಂದ. ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಹಾರಿದವರು ಸುಮಾರು 1,25,000, ಸತ್ತವರು 55,573 ಎಂದೆ. ಅವನು ಆ ಸಂಖ್ಯೆಯನ್ನು ಹಾಳೆಯ ಅಂಚಿನಲ್ಲಿ ಗುರುತು ಹಾಕಿಕೊಂಡ. ಅದೇ ವಾಯುಪಡೆಯಲ್ಲಿ ಇಂದು ಸಾವಿರಾರು ಕಿಲೋಮೀಟರ್ ದೂರದ ಕೋಣೆಯಲ್ಲಿ ಕುಳಿತು ಡ್ರೋನ್ ಹಾರಿಸಿ, ಪಾಳಿ ಮುಗಿಸಿ ಮನೆಗೆ ಹೋಗುವವರೂ ಇದ್ದಾರೆ. ಅವರು ಕಾಳಗ ಕಂಡವರೋ ಅಲ್ಲವೋ? ಆ ಸಾಲನ್ನು ಖಾಲಿ ಬಿಟ್ಟೆ.

ಕೆಳಗಿಳಿಯುತ್ತಾ ಲಾರಿ ಚಾಲಕ, ಮೆಕ್ಯಾನಿಕ್, ಗುಮಾಸ್ತ, ಅಡುಗೆಯವನು ಎಂದು ಬರೆದೆ. ಕೊನೆಯ ಸಾಲಿನಲ್ಲಿ ಉಗ್ರಾಣದವನು ಎಂದು ಬರೆಯಬೇಕು, ಪೆನ್ನು ನಿಂತಿತು.

ನನ್ನ ಉಗ್ರಾಣ ಗಡಿಯಿಂದ ಸಾಕಷ್ಟು ಹಿಂದೆ, ರಸ್ತೆಗಳು ಕೂಡುವ ಜಾಗದಲ್ಲಿತ್ತು. ಮುಂಚೂಣಿಯ ಠಾಣೆಯಲ್ಲಿದ್ದ ಗೆಳೆಯ ರಜೆಗೆ ಹೋಗುವಾಗ ಬರುವಾಗ ನನ್ನಲ್ಲಿ ಇಳಿದುಕೊಳ್ಳುತ್ತಿದ್ದ; ನನಗೆ ಕಂಬಳಿ ಯೋಧ ಎಂದು ಹೆಸರಿಟ್ಟಿದ್ದ. ಒಂದು ರಾತ್ರಿ ಕಂಬಳಿಗಳ ಲೆಕ್ಕವನ್ನೇ ಹಿಡಿದು ಕುಳಿತಿದ್ದೆ. ದೊಡ್ಡ ಸದ್ದಾಯಿತು. ಯಾರೋ ಲಾರಿಯ ಹಿಂಬಾಗಿಲನ್ನು ಒಮ್ಮೆಲೇ ಬೀಳಿಸಿದರು ಎಂದುಕೊಂಡು, ಬಯ್ಯಲು ಎದ್ದೆ. ಎರಡನೆಯ ಸದ್ದಿಗೆ ಗೋಡೆಯ ಸುಣ್ಣ ರಿಜಿಸ್ಟರಿನ ಮೇಲೆ ಉದುರಿತು.

ಆಗ ನಾನು ಮಾಡಿದ ಮೊದಲ ಕೆಲಸ ಹೇಳಿಕೊಳ್ಳಲು ಈಗಲೂ ಸಂಕೋಚ. ಸುಣ್ಣವನ್ನು ಊದಿ, ರಿಜಿಸ್ಟರ್ ಮುಚ್ಚಿ, ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಆಮೇಲೆ ಬಂಕರಿಗೆ ಓಡಿದೆ. ನನ್ನ ರೈಫಲ್ ಶಸ್ತ್ರಾಗಾರದಲ್ಲಿತ್ತು, ವರ್ಷಕ್ಕೊಮ್ಮೆ ಗುರಿ ಪರೀಕ್ಷೆಗೆ ಬಿಟ್ಟರೆ ಅದನ್ನು ಮುಟ್ಟಿದವನಲ್ಲ. ಇದ್ದರೂ ಏನು ಪ್ರಯೋಜನ? ಹಾರಿ ಬರುವ ಶೆಲ್ಲಿಗೆ ರೈಫಲಿನಿಂದ ಗುರಿಯಿಡಲಾಗುವುದಿಲ್ಲ. ಅಂಗಳದಲ್ಲಿ ತುಂಬಿದ ಇಂಧನ ಟ್ಯಾಂಕರ್ ನಿಂತಿತ್ತು. ಅದರ ಚಾಲಕ ಎಲ್ಲರೂ ಓಡುವ ದಿಕ್ಕಿಗೆ ಎದುರಾಗಿ ನಡೆದು ಹೋಗಿ, ದೀಪ ಹಾಕದೆ ಗಾಡಿಯನ್ನು ಹಿಂದೆ ಹಿಂದೆ ತೆಗೆದು ತಿರುವಿನಾಚೆಗೆ ನಿಲ್ಲಿಸಿದ. ಓಡಲಿಲ್ಲ, ನಡೆದ, ಅದು ನನಗೆ ಚೆನ್ನಾಗಿ ನೆನಪಿದೆ. ಮರಳಿ ಬರುವಾಗ ಚೂರೊಂದು ಅವನ ತೊಡೆಗೆ ಹೊಕ್ಕಿತು. ಬಂಕರಿನಲ್ಲಿ ನಾನು ಗಾಯವನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದೆ. ಅವನು ಮಾತ್ರ ಟ್ಯಾಂಕರಿನ ಕೈಬ್ರೇಕ್ ಹಾಕಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ಬದುಕಿದ, ಆದರೆ ಕುಂಟು ಉಳಿಯಿತು.

ಮರುದಿನ ಫೀಲ್ಡ್ ಟೆಲಿಫೋನಿನಲ್ಲಿ ಗೆಳೆಯನ ದನಿ. ಅವನ ಠಾಣೆಯಲ್ಲಿ ಆ ತಿಂಗಳು ಒಂದು ಗುಂಡೂ ಹಾರಿರಲಿಲ್ಲ. "ನೀನು ಕಂಬಳಿ ಎಣಿಸುವವನಲ್ಲವೇನೋ?" ಎಂದ. ಆ ಹೆಸರಿನಿಂದ ಮತ್ತೆ ಕರೆಯಲಿಲ್ಲ.

ಇದನ್ನು ಅಳಿಯನಿಗೆ ಹೇಳುವಾಗ ನನ್ನದೊಂದೇ ಕಥೆ ಆಗಬಾರದೆಂದು ಇನ್ನೆರಡನ್ನು ಸೇರಿಸಿದೆ. 2003ರ ಮಾರ್ಚ್ 23ರಂದು ಇರಾಕಿನ ನಾಸಿರಿಯಾದಲ್ಲಿ ದಾರಿ ತಪ್ಪಿ ಹೊಂಚುದಾಳಿಗೆ ಸಿಕ್ಕಿದ್ದು ಅಮೆರಿಕದ ಒಂದು ರಿಪೇರಿ ಕಂಪನಿಯ ವಾಹನಗಳು. 11 ಮಂದಿ ಸತ್ತರು. 1991ರ ಫೆಬ್ರವರಿ 25ರಂದು ಸೌದಿಯ ದಹರಾನಿನಲ್ಲಿ ಇರಾಕಿನ ಸ್ಕಡ್ ಕ್ಷಿಪಣಿ ಬಿದ್ದದ್ದು ಅಮೆರಿಕದ ಸೈನಿಕರು ಮಲಗುವ ಕಟ್ಟಡದ ಮೇಲೆ. ಸತ್ತ 28 ಮಂದಿಯಲ್ಲಿ 13 ಜನ ಒಂದೇ ಸಣ್ಣ ತುಕಡಿಯವರು. ಅವರ ಕೆಲಸ ನೀರು ಶುದ್ಧ ಮಾಡುವುದು, ಅವರು ಅಲ್ಲಿಗೆ ಬಂದು ಆರು ದಿನವಾಗಿತ್ತು.

ಹಾಗೆಂದು ಎಲ್ಲ ಕೆಲಸವೂ ಒಂದೇ ಎನ್ನುವುದು ಸುಳ್ಳು, ಅದನ್ನೂ ಹೇಳಿದೆ. ನನ್ನ 17 ವರ್ಷದಲ್ಲಿ ಅಂಥ ರಾತ್ರಿ ಒಂದೇ. ಗೆಳೆಯ ಆಮೇಲಿನ ವರ್ಷಗಳಲ್ಲಿ ಕಂಡದ್ದನ್ನು ನಾನು ಕಾಣಲಿಲ್ಲ, ಅವನು ಹೇಳಿಯೂ ಇಲ್ಲ. ಅಲ್ಲದೆ ಅರ್ಜಿಯಲ್ಲಿ ಬರೆದದ್ದೇ ಸಿಗುತ್ತದೆಂಬ ಖಾತರಿಯೂ ಇಲ್ಲ. ಅಂಕ, ಎತ್ತರ, ಕಣ್ಣಿನ ದೃಷ್ಟಿ, ಎಲ್ಲಿ ಎಷ್ಟು ಜಾಗ ಖಾಲಿಯಿದೆ ಎಂಬುದು, ಇವೆಲ್ಲ ಸೇರಿ ನಮ್ಮ ಪರವಾಗಿ ಆರಿಸಿಬಿಡುತ್ತವೆ. ನಾನೇನು ಉಗ್ರಾಣ ಕೇಳಿದ್ದೆನೇ?

ಅಳಿಯ ಹಾಳೆಯ ಕೊನೆಯ ಸಾಲನ್ನು ತೋರಿಸಿ, "ಇಲ್ಲಿ ಏನು ಬರೆಯಲಿ?" ಎಂದ. ಅಷ್ಟರಲ್ಲಿ ಬಾಗಿಲ ಬಳಿ ಅಕ್ಕ ನಿಂತಿರುವುದು ಕಂಡಿತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಮಗನನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

"ಆ ವರ್ಷದ ನಿನ್ನ ಕಾಗದಗಳೆಲ್ಲ ನನ್ನ ಹತ್ತಿರ ಇವೆ. ಪ್ರತಿಯೊಂದರಲ್ಲೂ, 'ಇಲ್ಲಿ ಕಂಬಳಿ ಎಣಿಸುವುದು ಬಿಟ್ಟರೆ ಬೇರೆ ಕೆಲಸವಿಲ್ಲ' ಎಂದು ಬರೆದಿದ್ದೀಯಲ್ಲ?"