ಅಂಟು ಹೋಗಬೇಕು, ಪೇಂಟ್ ಉಳಿಯಬೇಕು

ನನ್ನ ಕಾರಿನ ಎಡಗಡೆ ಹಿಂದಿನ ಬಾಗಿಲಿನ ಮೇಲೆ ಅಂಗೈ ಅಗಲದ ಒಂದು ಮಬ್ಬು ಕಲೆ ಇದೆ. ಅದು ಧೂಳಲ್ಲ, ನೀರಿನ ಕಲೆಯೂ ಅಲ್ಲ. ಹಳೆಯ ಸ್ಟಿಕ್ಕರಿನ ಅಂಟು ತೆಗೆಯೋಕೆ ಹೋಗಿ ನಾನೇ ಥಿನ್ನರ್ ಹಾಕಿ ಉಜ್ಜಿ ಮಾಡಿದ್ದು. ಬಲಗಡೆಯೂ ಅದೇ ಅಂಟು ಇತ್ತು, ಅಷ್ಟೇ ಹಳೆಯದು, ಅಷ್ಟೇ ಗಟ್ಟಿ. ಅಲ್ಲಿ ಒಂದು ಗೀರೂ ಬೀಳದೆ ಎಲ್ಲ ಹೋಯಿತು. ಎಡಗಡೆ ಮಾಡಿದ್ದನ್ನು ಬೇರೆ ಯಾರೂ ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಸೆಕೆಂಡ್ ಹ್ಯಾಂಡ್ ಕಾರು ಅದು. ಮೊದಲು ಇಟ್ಟುಕೊಂಡಿದ್ದವರು ಎರಡೂ ಬದಿಗೆ ಉದ್ದಕ್ಕೆ ಸ್ಟಿಕ್ಕರ್ ಪಟ್ಟಿ ಅಂಟಿಸಿದ್ದರು. ವರ್ಷಗಟ್ಟಲೆ ಬಿಸಿಲು ತಿಂದು ಅದು ತರಗೆಲೆ ಥರ ಆಗಿತ್ತು. ಉಗುರಿನಲ್ಲಿ ಎಬ್ಬಿಸಿದರೆ ಚೂರು ಚೂರಾಗಿ ಪುಡಿಯಾಗುತ್ತಿತ್ತು, ಅಂಟು ಮಾತ್ರ ಅಲ್ಲೇ. ಒಂದು ಗಂಟೆ ಹೀಗೆ ಕೆರೆದು ಸಾಕಾಗಿ, ಬೇಗ ಮುಗಿಸೋಣ ಅಂತ ಬಟ್ಟೆಗೆ ಥಿನ್ನರ್ ಸುರಿದುಕೊಂಡು ತಿಕ್ಕಿದೆ. ಅಂಟು ಕರಗಿತು ಅಂತ ಖುಷಿಯಾಗಿ ಬಟ್ಟೆ ನೋಡಿದರೆ ಅದರಲ್ಲಿ ಕಾರಿನ ಬಣ್ಣ ಇತ್ತು.

ಆ ಬಾಗಿಲಿಗೆ ಯಾವಾಗಲೋ ರೀಪೇಂಟ್ ಆಗಿತ್ತು. ನನಗೆ ಗೊತ್ತಿರಲಿಲ್ಲ. ಕಾರ್ಖಾನೆಯಲ್ಲಿ ಪೇಂಟ್ ಹೊಡೆದ ಮೇಲೆ ಸುಮಾರು 140 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೇಯಿಸಿ ಗಟ್ಟಿ ಮಾಡುತ್ತಾರೆ. ಆಮೇಲೆ ಗ್ಯಾರೇಜಿನಲ್ಲಿ ಹೊಡೆಯುವಾಗ ಅಷ್ಟು ಬಿಸಿ ಕೊಡೋಕೆ ಆಗೋದಿಲ್ಲ, ಒಳಗೆ ಪ್ಲಾಸ್ಟಿಕ್, ರಬ್ಬರ್, ವೈರಿಂಗ್ ಎಲ್ಲ ಇರುತ್ತದೆ. ಹಾಗಾಗಿ ಹಾರ್ಡನರ್ ಬೆರೆಸಿ ಗಟ್ಟಿ ಮಾಡುತ್ತಾರೆ. ಹಾರ್ಡನರ್ ಇಲ್ಲದ ಪೇಂಟೂ ಇದೆ, ಅದು ಎಷ್ಟು ವರ್ಷ ಒಣಗಿದರೂ ಥಿನ್ನರ್ ತಾಗಿದರೆ ಮತ್ತೆ ಕರಗುತ್ತದೆ. ನನ್ನ ಬಾಗಿಲಿನಲ್ಲಿ ಇದ್ದದ್ದು ಅದೇ ಇರಬೇಕು.

ಕಾರ್ಖಾನೆಯ ಪೇಂಟ್ ಆದರೂ ತುಂಬಾ ದಪ್ಪ ಇರೋದಿಲ್ಲ. ಲೋಹದ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅಂದರೆ ಬರೆಯುವ ಕಾಗದದ ಒಂದು ಹಾಳೆಯಷ್ಟೋ, ಒಂದೂವರೆ ಹಾಳೆಯಷ್ಟೋ. ಅದರಲ್ಲಿ ಕ್ಲಿಯರ್ ಕೋಟ್ ಪಾಲು ಸುಮಾರು 40-50 ಮೈಕ್ರಾನ್, ಅರ್ಧ ಹಾಳೆ. ಹೊಳಪು ಕೊಡೋದೂ ಅದೇ, ಬಿಸಿಲಿನಿಂದ ಬಣ್ಣ ಕಾಯೋದೂ ಅದೇ. ಆ ಅರ್ಧ ಹಾಳೆಯ ಮೇಲೆ ಬ್ಲೇಡ್, ಸ್ಟೀಲ್ ವೂಲ್, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಇಡಬೇಡಿ. ಗೋಡೆ ಕಲೆ ತೆಗೆಯೋಕೆ ಬಳಸುವ ಮೆತ್ತಗಿನ ಬಿಳಿ ಸ್ಪಂಜ್ ಇದೆಯಲ್ಲ, ಅದೂ ಬೇಡ. ಮುಟ್ಟೋಕೆ ಮೆತ್ತಗಿದ್ದರೂ ಅದು ಕೆಲಸ ಮಾಡೋದು ಸಣ್ಣ ಉಪ್ಪುಕಾಗದದ ಹಾಗೆ.

ಬಲಗಡೆ ಕೈ ಹಾಕುವ ಮೊದಲು ಈ ಅಂಟು ಅಂದರೆ ಏನು ಅಂತ ಸ್ವಲ್ಪ ಓದಿದೆ. ಸ್ಟಿಕ್ಕರಿನ ಅಂಟು ನಾವು ಕಾಗದಕ್ಕೆ ಹಚ್ಚುವ ಗೋಂದಿನ ಥರ ಒಣಗಿ ಹಿಡಿಯುವುದಲ್ಲ. ಅದು ಯಾವಾಗಲೂ ದ್ರವಕ್ಕೂ ಗಟ್ಟಿಗೂ ನಡುವೆ ಇರುತ್ತದೆ, ಒತ್ತಿದರೆ ಹಿಡಿಯುತ್ತದೆ. ಬಿಸಿ ಕೊಟ್ಟರೆ ಮೆತ್ತಗಾಗುತ್ತದೆ, ತಣ್ಣಗಾದರೆ ಬಿಗಿಯುತ್ತದೆ. ವರ್ಷಗಟ್ಟಲೆ ಬಿಸಿಲು ಬಿದ್ದರೆ ಒಳಗಿನ ಎಳೆಗಳು ಒಂದಕ್ಕೊಂದು ಕಟ್ಟಿಕೊಂಡು ಗಟ್ಟಿಯಾಗುತ್ತವೆ. ಹಳೆಯ ಸ್ಟಿಕ್ಕರ್ ಅಷ್ಟು ಹಠ ಮಾಡೋದು ಅದಕ್ಕೇ. ಸರಿಯಾದ ದ್ರವ ತಾಗಿದರೆ ಅದು ಆ ದ್ರವ ಹೀರಿಕೊಂಡು ಉಬ್ಬುತ್ತದೆ, ಉಬ್ಬಿದ ಮೇಲೆ ಹಿಡಿತ ಬಿಡುತ್ತದೆ. ಆದರೆ ಉಬ್ಬೋಕೆ ಹೊತ್ತು ಬೇಕು, ನಾವು ಆ ಹೊತ್ತು ಕೊಡದೆ ತೋಳಿನ ಬಲ ಕೊಡುತ್ತೇವೆ, ಪೇಂಟ್ ಹಾಳಾಗೋದು ಹೆಚ್ಚಿನ ಸಲ ಅಲ್ಲೇ.

ಮೊದಲು ತೊಳೆಯಿರಿ. ಸುಮ್ನೆ ಹೇಳುತ್ತಿಲ್ಲ, ಅಂಟಿನ ಅಂಚಿಗೆ ಮರಳು, ಧೂಳು ಕಚ್ಚಿಕೊಂಡಿರುತ್ತದೆ. ಅದರ ಮೇಲೆಯೇ ಬಟ್ಟೆ ಎಳೆದರೆ ಗೀರು ಬೀಳೋದು ಖಂಡಿತ. ಕಾರ್ ಶಾಂಪೂ ಹಾಕಿ ತೊಳೆದು, ಒರೆಸಿ, ನೆರಳಿಗೆ ತನ್ನಿ. ಬಿಸಿಲಲ್ಲಿ ಕಾದ ಲೋಹದ ಮೇಲೆ ಯಾವ ದ್ರವ ಹಾಕಿದರೂ ಅಂಟಿಗೆ ಇಳಿಯುವ ಮೊದಲೇ ಆರಿಹೋಗುತ್ತದೆ.

ಆಮೇಲೆ ಹೇರ್ ಡ್ರೈಯರ್. ಒಂದು ಗೇಣು ಜಾಗ ತೆಗೆದುಕೊಂಡು, ಡ್ರೈಯರ್ ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಒಂದೆರಡು ನಿಮಿಷ ಬಿಸಿ ಮಾಡಿ. ಅಂಗೈ ಇಟ್ಟರೆ ಬಿಸಿ ಅನ್ನಿಸಬೇಕು, ಆದರೆ ಕೈ ತೆಗೆಯುವಷ್ಟು ಸುಡಬಾರದು. ಹೀಟ್ ಗನ್ ಇದ್ದರೂ ಬಳಸಬೇಡಿ ಅಂತ ನನ್ನ ಅಭಿಪ್ರಾಯ. ಅದರ ಬಾಯಿಂದ ಬರುವ ಗಾಳಿ ಎಷ್ಟೋ ಮಾದರಿಗಳಲ್ಲಿ 300 ಡಿಗ್ರಿ ದಾಟುತ್ತದೆ, ಪೇಂಟ್ ಗುಳ್ಳೆ ಏಳೋಕೆ ಸ್ವಲ್ಪ ಮೈಮರೆತರೂ ಸಾಕು, ಬಂಪರ್ ಪ್ಲಾಸ್ಟಿಕ್ ಆದರೆ ಸೊಟ್ಟಗೇ ಆಗಬಹುದು. ಬಿಸಿಯಾದ ಮೇಲೆ ಸ್ಟಿಕ್ಕರಿನ ಒಂದು ಮೂಲೆ ಎಬ್ಬಿಸಿ, ಅದನ್ನು ಅದರ ಮೇಲೆಯೇ ಮಡಚಿದ ಹಾಗೆ ಹಿಂದಕ್ಕೆ ನಿಧಾನವಾಗಿ ಎಳೆಯಿರಿ. ನಿಧಾನ ಎಳೆದಷ್ಟೂ ಅಂಟು ಸ್ಟಿಕ್ಕರಿನ ಜೊತೆ ಬರುತ್ತದೆ, ಜಗ್ಗಿದರೆ ಹರಿದು ಪೇಂಟಿನ ಮೇಲೆ ಉಳಿಯುತ್ತದೆ. ಬಲಗಡೆ ಪಟ್ಟಿ ಪೂರ್ತಿ ತೆಗೆಯೋಕೆ ನನಗೆ ಒಂದು ಸಂಜೆ ಹಿಡಿಯಿತು.

ಉಳಿದ ಅಂಟು ಇನ್ನೂ ಬೆಚ್ಚಗಿರುವಾಗಲೇ ಹೆಬ್ಬೆರಳಿನಲ್ಲಿ ಉರುಳಿಸಿ ನೋಡಿ. ದಪ್ಪಗಿದ್ದರೆ ಉಂಡೆಯಾಗಿ ಎದ್ದು ಬರುತ್ತದೆ. ಇಲ್ಲವಾದರೆ ಅಗಲ ಟೇಪ್ ಒಂದನ್ನು ಅಂಟಿನ ಮೇಲೆ ಒತ್ತಿ ಎಳೆಯಬಹುದು, ಅಂಟನ್ನು ಅಂಟೇ ಎತ್ತುತ್ತದೆ.

ಇಷ್ಟಾದ ಮೇಲೂ ಉಳಿಯುವ ತೆಳು ಪದರಕ್ಕೆ ದ್ರವ ಬೇಕು. ಇಲ್ಲಿ ಜನ ಜಾಸ್ತಿ ಎಡವುತ್ತಾರೆ. ಅಂಟುಗಳಲ್ಲಿ ರಬ್ಬರ್ ಜಾತಿಯದು, ಅಕ್ರಿಲಿಕ್ ಜಾತಿಯದು ಅಂತ ಮುಖ್ಯವಾಗಿ ಎರಡು ಬಗೆ. ರಬ್ಬರಿನದು ವೈಟ್ ಸ್ಪಿರಿಟ್ (ಪೇಂಟ್ ಅಂಗಡಿಯಲ್ಲಿ ಸಿಗುವ ಮಿನರಲ್ ಟರ್ಪೆಂಟೈನ್), ಡಾಂಬರಿನ ಕಲೆ ತೆಗೆಯುವ ಟಾರ್ ರಿಮೂವರ್, ಕಿತ್ತಳೆ ಸಿಪ್ಪೆಯ ಎಣ್ಣೆ ಇರುವ ಕ್ಲೀನರ್, ಇಂಥ ಎಣ್ಣೆ ಗುಣದ ದ್ರವಕ್ಕೆ ಬೇಗ ಬಗ್ಗುತ್ತದೆ. ಅಕ್ರಿಲಿಕ್ ಅಂಟು ಐಸೊಪ್ರೊಪೈಲ್ ಆಲ್ಕೋಹಾಲಿಗೆ ಹೆಚ್ಚು ಬಗ್ಗುತ್ತದೆ. ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗೋದಿಲ್ಲ. ಹಾಗಾಗಿ ಒಂದು ಹಾಕಿ ಕೆಲಸ ಆಗದಿದ್ದರೆ ಇನ್ನೂ ಜೋರಾಗಿ ಉಜ್ಜಬೇಡಿ, ಇನ್ನೊಂದು ಹಾಕಿ ನೋಡಿ. ನನ್ನ ಬಲಬಾಗಿಲಿನ ಅಂಟು ವೈಟ್ ಸ್ಪಿರಿಟ್‌ಗೆ ಅಲುಗಲಿಲ್ಲ, ಆಲ್ಕೋಹಾಲಿಗೆ ಮೆತ್ತಗಾಯಿತು.

ಯಾವುದೇ ಆಗಲಿ, ಮೊದಲು ಕಣ್ಣಿಗೆ ಕಾಣದ ಜಾಗದಲ್ಲಿ ಪರೀಕ್ಷೆ ಮಾಡಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದರೆ ಒಳಗೂ ಅದೇ ಬಣ್ಣ ಇರುತ್ತದಲ್ಲ, ಅಲ್ಲಿ ಮಾಡಬಹುದು ಅಂತ ಹೇಳುತ್ತಾರೆ. ಒಳ್ಳೆಯದೇ, ಆದರೆ ಸಾಲದು. ಬಾಗಿಲು ಬಾಗಿಲಿಗೆ ಪೇಂಟ್ ಬೇರೆ ಇರಬಹುದು ಅನ್ನೋದು ನನ್ನ ಕಾರಿನಲ್ಲೇ ಗೊತ್ತಾಯಿತು. ನೀವು ಕೆಲಸ ಮಾಡುವ ಬಾಗಿಲಿನದೇ ಕೆಳಗಿನ ಅಂಚಿನಲ್ಲಿ ಬಿಳಿ ಬಟ್ಟೆಗೆ ದ್ರವ ಹಾಕಿ ಮೆಲ್ಲಗೆ ಒರೆಸಿ. ಬಟ್ಟೆಗೆ ಬಣ್ಣ ಬಂದರೆ ಅಥವಾ ಆ ಜಾಗದ ಹೊಳಪು ಕುಂದಿದರೆ ಅಲ್ಲಿಗೇ ನಿಲ್ಲಿಸಿ. ಹೊಸದಾಗಿ ಪೇಂಟ್ ಮಾಡಿಸಿದ್ದರೆ ಕೆಲವು ತಿಂಗಳು ಯಾವ ದ್ರವವೂ ಬೇಡ.

ಹಾಕುವ ರೀತಿ ಹೀಗೆ. ಮೈಕ್ರೋಫೈಬರ್ ಬಟ್ಟೆಯನ್ನು ದ್ರವದಲ್ಲಿ ನೆನೆಸಿ, ಅಂಟಿನ ಮೇಲೆ ಸುಮ್ಮನೆ ಹೊದಿಸಿ, ಎರಡು ಮೂರು ನಿಮಿಷ ಬಿಡಿ. ಉಜ್ಜಬೇಡಿ. ಆರುತ್ತಿದೆ ಅನ್ನಿಸಿದರೆ ಇನ್ನಷ್ಟು ಹಾಕಿ. ಆಮೇಲೆ ಬಟ್ಟೆ ಎತ್ತಿ, ಅದರ ಒಣ ಮೈಯಿಂದ ಒಂದೇ ದಿಕ್ಕಿಗೆ ಒರೆಸಿ, ಪ್ರತಿ ಸಲ ಬಟ್ಟೆ ಮಡಚಿ ಹೊಸ ಮುಖ ತೋರಿಸಿ, ಇಲ್ಲವಾದರೆ ಎದ್ದ ಅಂಟನ್ನೇ ಪಕ್ಕಕ್ಕೆ ಹರಡಿದ ಹಾಗಾಗುತ್ತದೆ. ಮೂರು ನಾಲ್ಕು ಸಲ ಮಾಡಬೇಕಾಗುತ್ತದೆ, ಪರವಾಗಿಲ್ಲ. ಎಲ್ಲೋ ಒಂದು ಚೂರು ಹಠ ಹಿಡಿದರೆ ಹಳೆಯ ಪ್ಲಾಸ್ಟಿಕ್ ಕಾರ್ಡಿಗೆ ಬಟ್ಟೆ ಸುತ್ತಿ ತಳ್ಳಿ. ಬಟ್ಟೆ ನೆಲಕ್ಕೆ ಬಿತ್ತೋ, ಅದನ್ನು ಬದಿಗಿಟ್ಟು ಬೇರೆ ತೆಗೆದುಕೊಳ್ಳಿ.

ಹಿಂದಿನ ಡಿಕ್ಕಿಯ ಮೇಲಿನ ಅಕ್ಷರ, ಲಾಂಛನ ತೆಗೆಯೋದು ಬೇರೆ ಕಥೆ. ಅವಕ್ಕೆ ಕೆಳಗೆ ದಪ್ಪ ಫೋಮ್ ಟೇಪ್ ಇರುತ್ತದೆ. ಬಿಸಿ ಮಾಡಿ, ಮೀನು ಹಿಡಿಯುವ ನೈಲಾನ್ ದಾರ ಹಿಂದೆ ತೂರಿಸಿ ಗರಗಸದ ಹಾಗೆ ಎಳೆದಾಡಿದರೆ ಫೋಮ್ ಕತ್ತರಿಸಿಕೊಂಡು ಬರುತ್ತದೆ. ಉಳಿದದ್ದಕ್ಕೆ ಮೇಲೆ ಹೇಳಿದ್ದೇ ಉಪಾಯ. ಫೋಮ್ ತೆಗೆಯೋಕೆ ಡ್ರಿಲ್ಲಿಗೆ ಹಾಕುವ ರಬ್ಬರ್ ಚಕ್ರವೂ ಇದೆ, ಕೆಲಸ ಬೇಗ ಆಗುತ್ತದೆ ನಿಜ. ಆದರೆ ಒಂದೇ ಕಡೆ ನಿಲ್ಲಿಸಿದರೆ ತಿಕ್ಕಾಟದ ಬಿಸಿಗೆ ಪೇಂಟ್ ಸುಡುತ್ತದೆ, ಪ್ಲಾಸ್ಟಿಕ್ ಮೇಲಂತೂ ಬೇಡವೇ ಬೇಡ.

ಥಿನ್ನರ್, ಅಸಿಟೋನ್, ಪೆಟ್ರೋಲ್ ಮೂರೂ ಪೇಂಟಿನಿಂದ ದೂರ ಇರಲಿ. ಅಸಿಟೋನ್ ಹೆಡ್‌ಲೈಟಿನ ಪ್ಲಾಸ್ಟಿಕ್ಕಿಗೆ ತಾಗಿದರೆ ಅದು ಮಬ್ಬಾಗಿ ಸಣ್ಣ ಬಿರುಕು ಬಿಡುತ್ತದೆ. ಪೆಟ್ರೋಲ್ ಆವಿ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ, ಉಸಿರಿಗೂ ಕೆಟ್ಟದ್ದು. ಆಲ್ಕೋಹಾಲ್, ವೈಟ್ ಸ್ಪಿರಿಟ್ ಕೂಡ ಉರಿಯುವಂಥವೇ. ಆದ್ದರಿಂದ ಗಾಳಿ ಆಡುವ ಜಾಗದಲ್ಲಿ, ಕೈಗೆ ನೈಟ್ರೈಲ್ ಗ್ಲೌಸ್ ಹಾಕಿಕೊಂಡು ಮಾಡಿ. ದ್ರವ ಹಾಕಿದ ಜಾಗಕ್ಕೆ ಅದು ಪೂರ್ತಿ ಆರುವ ತನಕ ಡ್ರೈಯರ್ ಹಿಡಿಯಬೇಡಿ. ಬಳಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಡಬ್ಬಕ್ಕೆ ತುರುಕದೆ ಹೊರಗೆ ಹರಡಿ ಒಣಗಿಸಿ. ಮ್ಯಾಟ್ ಫಿನಿಶ್ ಕಾರಾದರೆ ಇಡೀ ಕೆಲಸವನ್ನು ಗೊತ್ತಿದ್ದವರಿಗೆ ಬಿಡೋದು ಒಳ್ಳೆಯದು, ಉಜ್ಜಿದ ಕಡೆ ಹೊಳಪು ಬಂದರೆ ಅದನ್ನು ಮತ್ತೆ ಮಂಕು ಮಾಡೋಕೆ ದಾರಿಯಿಲ್ಲ.

ಅಂಟು ಹೋದ ಮೇಲೆ ಮತ್ತೊಮ್ಮೆ ಶಾಂಪೂ ಹಾಕಿ ತೊಳೆಯಬೇಕು, ಜಿಡ್ಡು ಉಳಿಯಬಾರದು. ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಮೇಲ್ಮೈ ಸವರಿ, ಬರಿಗೈಗೆ ಸಿಗದ ತರಿ ಕೂಡ ಗೊತ್ತಾಗುತ್ತದೆ. ಆಮೇಲೆ ಒಂದು ವಿಷಯ ನಿಮಗೆ ಬೇಜಾರು ಮಾಡಬಹುದು. ಸ್ಟಿಕ್ಕರ್ ಇದ್ದ ಜಾಗದ ಆಕಾರ ನೆರಳಿನ ಥರ ಕಾಣುತ್ತದೆ. ಅದು ಅಂಟಲ್ಲ. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿದೆ, ಸ್ಟಿಕ್ಕರ್ ಕೆಳಗಿನದು ಹೊಸದಾಗಿಯೇ ಉಳಿದಿದೆ. ಅದನ್ನು ಅಂಟು ಅಂದುಕೊಂಡು ಉಜ್ಜುತ್ತಾ ಕೂರಬೇಡಿ. ಸಣ್ಣ ತರಿಯ ಪಾಲಿಶ್ ಕೈಯಲ್ಲೇ ಹಾಕಿ ಸುತ್ತಲಿನ ಮಾಸಿದ ಪದರ ತೆಳುವಾಗಿ ತೆಗೆದರೆ ವ್ಯತ್ಯಾಸ ಸಾಕಷ್ಟು ಕಡಿಮೆಯಾಗುತ್ತದೆ. ಕೊನೆಗೆ ವ್ಯಾಕ್ಸ್ ಹಾಕಲೇಬೇಕು. ನೀವು ಹಾಕಿದ ದ್ರವ ಅಂಟಿನ ಜೊತೆ ಹಳೆಯ ವ್ಯಾಕ್ಸನ್ನೂ ತೆಗೆದಿರುತ್ತದೆ.

ಬಲಬಾಗಿಲಿನಲ್ಲಿ ಈಗ ಪಟ್ಟಿಯ ಅಂಚು ಒಂದು ಗೆರೆಯಷ್ಟು ಕಾಣುತ್ತದೆ, ಅದೂ ಸಂಜೆಯ ಓರೆ ಬಿಸಿಲಲ್ಲಿ ಮಾತ್ರ. ಎಡಬಾಗಿಲಿಗೂ ಪಾಲಿಶ್ ಹಾಕಿ ನೋಡಿದೆ. ಮಬ್ಬು ಸ್ವಲ್ಪ ಇಳಿಯಿತು, ಆದರೆ ಬಟ್ಟೆಗೆ ಮತ್ತೆ ಬಣ್ಣ ಬರತೊಡಗಿತು. ಅಲ್ಲಿಗೇ ನಿಲ್ಲಿಸಿ, ವ್ಯಾಕ್ಸ್ ಹಚ್ಚಿ ಬಿಟ್ಟಿದ್ದೇನೆ.